ಆಂಬುಲೆನ್ಸ್ ಬರುವ ಮುಂಚೆ ನೀರು ಹಾಕಿ

(ಬೇಸಿಗೆಗೆ ಮುಂಚೆ ಕಲಬುರಗಿ ಜಿಲ್ಲೆಯ ಒಂದು ತಾಲ್ಲೂಕು ಕೇಂದ್ರದಲ್ಲಿ ಆಶಾ ಕಾರ್ಯಕರ್ತೆಯರು, ಹಮಾಲರು, ಶಿಕ್ಷಕರು, ಆಂಬುಲೆನ್ಸ್ ಸಿಬ್ಬಂದಿ ಸೇರಿದ್ದ ಸಭೆಯಲ್ಲಿ ಆಡಿದ ಮಾತುಗಳ ಬರಹ ರೂಪ. ಬರೆಯುವಾಗ ಅಲ್ಲಲ್ಲಿ ಸ್ವಲ್ಪ ತಿದ್ದಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಕಲಬುರಗಿ ಮಂದಿಗೆ ಬಿಸಿಲಿನ ಬಗ್ಗೆ ಹೇಳೋಕೆ ಒಬ್ಬ ಡಾಕ್ಟರು ಬಂದಿದ್ದಾನೆ ಅಂದರೆ ನಿಮಗೆ ನಗು ಬರಬಹುದು. ನಮ್ಮಲ್ಲಿ ಇರೋದು ಎರಡೇ ಕಾಲ, ಬ್ಯಾಸಗಿ ಮತ್ತು ಕಡು ಬ್ಯಾಸಗಿ ಅಂತ ನೀವೇ ತಮಾಷೆ ಮಾಡುತ್ತೀರಿ. 42 ಡಿಗ್ರಿ ಇಲ್ಲಿ ಸುದ್ದಿಯೇ ಅಲ್ಲ. ಹಾಗಾಗಿ ಛತ್ರಿ ಹಿಡಿಯಿರಿ, ಮಜ್ಜಿಗೆ ಕುಡಿಯಿರಿ, ತಲೆಗೆ ರುಮಾಲು ಸುತ್ತಿಕೊಳ್ಳಿ ಅಂತ ಹೇಳಿ ನಿಮ್ಮ ಮಧ್ಯಾಹ್ನ ಹಾಳು ಮಾಡುವುದಿಲ್ಲ. ಅದೆಲ್ಲ ನಿಮಗೆ ನನಗಿಂತ ಚೆನ್ನಾಗಿ ಗೊತ್ತು.

ನಾನು ಹೇಳಬೇಕಾದದ್ದು ಒಂದೇ. ಬಿಸಿಲು ಬಡಿದು ಬಿದ್ದವರಿಗೆ ಚಿಕಿತ್ಸೆ ಶುರುವಾಗಬೇಕಾದದ್ದು ಆಸ್ಪತ್ರೆಯಲ್ಲಿ ಅಲ್ಲ. ಅವರು ಬಿದ್ದ ಜಾಗದಲ್ಲಿ, ಅದೂ ಆಂಬುಲೆನ್ಸ್ ಬರುವುದಕ್ಕೆ ಮುಂಚೆ. ಯಾಕೆಂದರೆ ಬಿಸಿಲು ಮಿತಿ ಮೀರಿದ ದಿನ ಆಂಬುಲೆನ್ಸ್ ತಡವಾಗಿ ಬರುವ ಸಾಧ್ಯತೆಯೇ ಜಾಸ್ತಿ.

ಮೊದಲು ಮೈ ಹೇಗೆ ತಂಪಾಗುತ್ತದೆ ನೋಡೋಣ. ನಿಮ್ಮ ಮನೆಯ ಮಣ್ಣಿನ ಗಡಿಗೆ ಇದೆಯಲ್ಲ, ಅದೇ ಲೆಕ್ಕ. ಗಡಿಗೆ ಹೊರಗೆ ಜಿನುಗಿದ ನೀರು ಆರುತ್ತಾ ಒಳಗಿನ ಬಿಸಿಯನ್ನು ಹೊತ್ತುಕೊಂಡು ಹೋಗುತ್ತದೆ. ಮೈ ಬೆವರುವುದೂ ಅದಕ್ಕೇ. ಒಂದು ಲೀಟರ್ ಬೆವರು ಪೂರ್ತಿ ಆರಿದರೆ ಸುಮಾರು 580 ಕಿಲೋಕ್ಯಾಲೊರಿ ಶಾಖ ಮೈಯಿಂದ ಹೊರಗೆ ಹೋಗುತ್ತದೆ. ಬೆವರು ಆರಬೇಕು, ಅದು ಮುಖ್ಯ. ಸುಮ್ನೆ ಸುರಿದು ನೆಲಕ್ಕೆ ಬಿದ್ದರೆ ಪ್ರಯೋಜನ ಇಲ್ಲ. ಮಂಗಳೂರಿನಲ್ಲಿ 36 ಡಿಗ್ರಿಗೇ ಜನ ಸೆಕೆ ಸೆಕೆ ಅಂತ ಒದ್ದಾಡುವುದು ಇದಕ್ಕೇ. ಅಲ್ಲಿ ಗಾಳಿಯಲ್ಲಿ ತೇವ ಜಾಸ್ತಿ, ಬೆವರು ಆರುವುದಿಲ್ಲ. ಹವಾಮಾನ ಇಲಾಖೆಗೂ ಇದು ಗೊತ್ತು. ಬಿಸಿಗಾಳಿ ಘೋಷಿಸಲು ಬಯಲು ಪ್ರದೇಶದಲ್ಲಿ ಕನಿಷ್ಠ 40 ಡಿಗ್ರಿ ಇರಬೇಕು, ಕರಾವಳಿಯಲ್ಲಿ 37 ಸಾಕು, ಗುಡ್ಡಗಾಡಿನಲ್ಲಿ 30. ಅದರ ಜೊತೆಗೆ ಆ ಊರಿನ ವಾಡಿಕೆಗಿಂತ ಎಷ್ಟು ಏರಿದೆ ಅನ್ನುವುದನ್ನೂ ನೋಡುತ್ತಾರೆ. ಬೆಂಗಳೂರಲ್ಲಿ 2016ರ ಏಪ್ರಿಲ್‌ನಲ್ಲಿ 39.2 ಡಿಗ್ರಿ ಆದಾಗ ನೀವು ನಕ್ಕಿರಬಹುದು. ಆದರೆ ಆ ಊರಿನ ಮೈಗೆ ಅದು ಅಭ್ಯಾಸ ಇರಲಿಲ್ಲ.

ಇನ್ನೊಂದು ವಿಷಯ ಹೃದಯ. ಒಳಗಿನ ಬಿಸಿ ಹೊರಗೆ ಬರಬೇಕಾದರೆ ರಕ್ತ ಚರ್ಮದ ಕಡೆಗೆ ಹರಿಯಬೇಕು. ವಿಪರೀತ ಬಿಸಿಲಲ್ಲಿ ಚರ್ಮಕ್ಕೇ ನಿಮಿಷಕ್ಕೆ ಏಳೆಂಟು ಲೀಟರ್ ರಕ್ತ ಬೇಕಾಗಬಹುದು. ಸುಮ್ಮನೆ ಕೂತಾಗ ಇಡೀ ಮೈಗೆ ಹೃದಯ ಪಂಪ್ ಮಾಡುವುದೇ ನಿಮಿಷಕ್ಕೆ ಐದು ಲೀಟರ್. ಹರೆಯದವರ ಹೃದಯ ಅದನ್ನು ತಾಳಿಕೊಳ್ಳುತ್ತದೆ. ಎಪ್ಪತ್ತು ದಾಟಿದ, ಬಿಪಿ ಇರುವ, ನೀರು ಹೋಗುವ ಮಾತ್ರೆ ತಗೊಳ್ಳುವ ಅಜ್ಜಿಯ ಹೃದಯಕ್ಕೆ ಆ ಕೆಲಸ ಭಾರ. ಅವರು ತೀರಿಕೊಂಡರೆ ಕಾಗದದಲ್ಲಿ ಹೃದಯಾಘಾತ ಅಂತ ಬರೆಯುತ್ತಾರೆ. ಬರೆದದ್ದು ಸುಳ್ಳಲ್ಲ. ಆದರೆ ಬಿಸಿಲಿನ ಹೆಸರು ಎಲ್ಲೂ ಬರುವುದಿಲ್ಲ. (ಇದನ್ನು ಕೇಳಿ ಯಾರೂ ಬಿಪಿ ಮಾತ್ರೆ ನಿಲ್ಲಿಸಬೇಡಿ. ಬೇಸಿಗೆಗೆ ಮುಂಚೆ ಒಮ್ಮೆ ಡಾಕ್ಟರ ಹತ್ತಿರ ಹೋಗಿ ಡೋಸ್ ಕೇಳಿಕೊಂಡು ಬನ್ನಿ.)

ಈ ಹೆಸರು ಬಾರದ ಸಾವುಗಳನ್ನು ಎಣಿಸುವುದು ಹೇಗೆ ಅಂತ ಅಹಮದಾಬಾದಿನವರು ತೋರಿಸಿಕೊಟ್ಟರು. 2010ರ ಮೇ ತಿಂಗಳಲ್ಲಿ ಅಲ್ಲಿ 46.8 ಡಿಗ್ರಿವರೆಗೆ ಏರಿತು. ಆಮೇಲೆ ಸಂಶೋಧಕರು ಸಾವಿನ ಕಾರಣವನ್ನೇ ನೋಡಲಿಲ್ಲ. ಆ ತಿಂಗಳು ಊರಲ್ಲಿ ಒಟ್ಟು ಎಷ್ಟು ಜನ ತೀರಿಕೊಂಡರು ಅಂತ ಲೆಕ್ಕ ಹಾಕಿ, ಅದನ್ನು 2009 ಮತ್ತು 2011ರ ಮೇ ತಿಂಗಳ ಜೊತೆ ಹೋಲಿಸಿದರು. 1,344 ಸಾವು ಜಾಸ್ತಿ ಇತ್ತು. ಒಂದೇ ಊರು, ಒಂದೇ ತಿಂಗಳು. ಅದಾದ ಮೇಲೆ 2013ರಲ್ಲಿ ಅಹಮದಾಬಾದ್ ಮಹಾನಗರ ಪಾಲಿಕೆ, ಗಾಂಧಿನಗರದ ಸಾರ್ವಜನಿಕ ಆರೋಗ್ಯ ಸಂಸ್ಥೆಯಂಥವರ ಜೊತೆ ಸೇರಿ, ದಕ್ಷಿಣ ಏಷ್ಯಾದಲ್ಲೇ ಮೊದಲ ಬಿಸಿಲು ಕ್ರಿಯಾ ಯೋಜನೆ ಮಾಡಿತು. ಮುನ್ಸೂಚನೆ ಬಂದ ಕೂಡಲೇ ಆಸ್ಪತ್ರೆ, ಆಂಬುಲೆನ್ಸ್, ಆರೋಗ್ಯ ಕಾರ್ಯಕರ್ತೆಯರು ಎಲ್ಲರಿಗೂ ಸುದ್ದಿ ಹೋಗುವ ವ್ಯವಸ್ಥೆ ಅದು.

ಅದೇ ಊರಿನ ಇನ್ನೊಂದು ಕೆಲಸ ನನಗೆ ಜಾಸ್ತಿ ಇಷ್ಟ. ಒಂದು ಆಸ್ಪತ್ರೆಯಲ್ಲಿ ಹೆರಿಗೆ ವಾರ್ಡು ಎಲ್ಲಕ್ಕಿಂತ ಮೇಲಿನ ಮಹಡಿಯಲ್ಲಿತ್ತು, ತಲೆ ಮೇಲೆ ಸುಡುವ ತಾರಸಿ. ಬೇಸಿಗೆಯಲ್ಲಿ ಹುಟ್ಟಿದ ಮಕ್ಕಳು ಮೈ ಸುಡುತ್ತಾ ಐಸಿಯು ಸೇರುತ್ತಿದ್ದವು. ವಾರ್ಡನ್ನು ಕೆಳಗಿನ ಮಹಡಿಗೆ ತಂದರು. ಬಿಸಿಯಿಂದ ಐಸಿಯುಗೆ ಬರುವ ಮಕ್ಕಳ ಸಂಖ್ಯೆ ಅರ್ಧಕ್ಕಿಂತ ಕೆಳಗೆ ಇಳಿಯಿತು. ಹೊಸ ಯಂತ್ರ ಇಲ್ಲ, ಹೊಸ ಔಷಧಿ ಇಲ್ಲ. ಮಂಚ ಎತ್ತಿ ಕೆಳಗೆ ಇಟ್ಟರು, ಅಷ್ಟೇ.

ಈಗ ಸನ್‌ಸ್ಟ್ರೋಕ್ ವಿಷಯ. ಬಿಸಿಲಲ್ಲಿ ತಲೆ ಸುತ್ತುವುದು, ಸುಸ್ತು, ವಾಂತಿ, ಮಾಂಸಖಂಡ ಹಿಡಿದುಕೊಳ್ಳುವುದು ಇವೆಲ್ಲ ಬೇರೆ. ನೆರಳಿಗೆ ಕರೆದುಕೊಂಡು ಹೋಗಿ, ಓಆರ್‌ಎಸ್ ಕುಡಿಸಿ, ಒಂದು ಗಂಟೆ ಮಲಗಿಸಿದರೆ ಸುಧಾರಿಸುತ್ತಾರೆ. ಮೈಯೊಳಗಿನ ಬಿಸಿ 40 ಡಿಗ್ರಿ, ಅಂದರೆ ನಿಮ್ಮ ಜ್ವರದ ಲೆಕ್ಕದಲ್ಲಿ 104, ದಾಟಿ ತಲೆ ಕೆಲಸ ಮಾಡುವುದು ತಪ್ಪಿದಾಗ ಅದು ಸನ್‌ಸ್ಟ್ರೋಕ್. ಮಾತು ತೊದಲುತ್ತದೆ. ಹೆಸರು ಕೇಳಿದರೆ ಬೇರೇನೋ ಹೇಳುತ್ತಾರೆ. ಕೆಲವರು ಸುಮ್ಮಸುಮ್ಮನೆ ಜಗಳಕ್ಕೆ ಬರುತ್ತಾರೆ, ಕುಡಿದವರ ಥರ. ಫಿಟ್ಸ್ ಬರಬಹುದು. ಬೆವರು ನಿಂತು ಮೈ ಒಣಗಿರುತ್ತದೆ ಅಂತ ನಾವೆಲ್ಲ ಓದಿದ್ದೇವೆ. ಮನೆಯಲ್ಲೇ ಇದ್ದ ವಯಸ್ಸಾದವರಲ್ಲಿ ಸಾಮಾನ್ಯವಾಗಿ ಹಾಗಿರುತ್ತದೆ. ಆದರೆ ಗೋಣಿಚೀಲ ಹೊರುತ್ತಾ ಬಿದ್ದವನ ಮೈ ಬೆವರಿನಿಂದ ತೊಯ್ದಿರಬಹುದು. ಬೆವರು ನೋಡಿ ಮೋಸ ಹೋಗಬೇಡಿ. ಮೈ ಸುಡುತ್ತಿದೆಯಾ, ಮಾತು ಸರಿ ಇದೆಯಾ, ಈ ಎರಡನ್ನು ನೋಡಿ ಸಾಕು.

ನಾನು ತುರ್ತು ವಿಭಾಗದಲ್ಲಿ ಕೆಲಸ ಮಾಡುತ್ತಿದ್ದಾಗ ಒಂದು ಮಧ್ಯಾಹ್ನ ಟಂಟಂನಲ್ಲಿ ಒಬ್ಬ ಹಮಾಲನನ್ನು ಕರೆತಂದರು. ಗಟ್ಟಿಮುಟ್ಟಾದ ಆಳು, ನಲವತ್ತರ ಒಳಗಿನ ವಯಸ್ಸು. ಕುತ್ತಿಗೆವರೆಗೂ ಕಂಬಳಿ ಹೊದಿಸಿದ್ದರು. ಯಾಕೆ ಅಂತ ಕೇಳಿದರೆ, "ಜ್ವರ ಬಂದಾವ್ರೀ ಸರ್, ನಡುಗಾಕತ್ತಾನ" ಅಂದರು ಜೊತೆಗಾರರು. ದಾರಿಯಲ್ಲಿ ನಿಲ್ಲಿಸಿ ಜ್ವರದ ಮಾತ್ರೆಯನ್ನೂ ಕೊಟ್ಟಿದ್ದರು. ಅವರ ಅಕ್ಕರೆಯಲ್ಲಿ ಏನೂ ಕೊರತೆ ಇರಲಿಲ್ಲ. ಪಕ್ಕದಲ್ಲಿ ಕೂತವನು ದಾರಿಯುದ್ದಕ್ಕೂ ಕಂಬಳಿ ಜಾರದಂತೆ ಹಿಡಿದುಕೊಂಡಿದ್ದ. ನಾವು ಕಂಬಳಿ ಕಿತ್ತು, ಅಂಗಿ ಕತ್ತರಿಸಿ, ಹಾಸಿಗೆಯ ಚಾದರ ತೋಯಿಸಿ ಹೊದಿಸಿ, ಎರಡು ಸ್ಟ್ಯಾಂಡ್ ಫ್ಯಾನ್ ತಿರುಗಿಸಿದೆವು. ಒಬ್ಬ ವಾರ್ಡ್ ಬಾಯ್ ಗೇಟಿನ ಎದುರಿನ ಕಬ್ಬಿನಹಾಲಿನ ಅಂಗಡಿಗೆ ಓಡಿ ಬಕೆಟ್ ತುಂಬ ಐಸ್ ತಂದ. ಮನುಷ್ಯ ಉಳಿದ. ಆದರೆ ಮೂತ್ರಪಿಂಡಕ್ಕೆ ಪೆಟ್ಟು ಬಿದ್ದು ಡಯಾಲಿಸಿಸ್ ಮಾಡಬೇಕಾಯಿತು.

ಜ್ವರದ ಮಾತ್ರೆ ಇಲ್ಲಿ ಯಾಕೆ ಕೆಲಸ ಮಾಡುವುದಿಲ್ಲ ಅಂದರೆ, ಸೋಂಕಿನ ಜ್ವರದಲ್ಲಿ ಮೆದುಳೇ ಬಿಸಿ ಏರಿಸು ಅಂತ ಹೇಳಿರುತ್ತದೆ. ಮಾತ್ರೆ ಆ ಆದೇಶವನ್ನು ಇಳಿಸುತ್ತದೆ. ಸನ್‌ಸ್ಟ್ರೋಕ್‌ನಲ್ಲಿ ಮೆದುಳು ಬಿಸಿ ಇಳಿಸೋಕೆ ಒದ್ದಾಡುತ್ತಿರುತ್ತದೆ, ಮೈಗೆ ಆಗುತ್ತಿರುವುದಿಲ್ಲ. ಪ್ಯಾರಾಸಿಟಮಾಲ್ ಅಲ್ಲಿ ಏನೂ ಮಾಡುವುದಿಲ್ಲ. ಆಗಲೇ ಬಳಲಿದ ಲಿವರ್‌ಗೆ ಇನ್ನೊಂದು ಹೊರೆ, ಅಷ್ಟೇ.

ಹಾಗಾದರೆ ಏನು ಕೆಲಸ ಮಾಡುತ್ತದೆ? ತಣ್ಣೀರು. ಅದೂ ಬೇಗ. ಮೊದಲ ಅರ್ಧ ಗಂಟೆಯೊಳಗೆ ಮೈಬಿಸಿ 39ಕ್ಕಿಂತ ಕೆಳಗೆ ಇಳಿಯಬೇಕು. ಅಮೆರಿಕದ ಮ್ಯಾಸಚೂಸೆಟ್ಸ್‌ನಲ್ಲಿ ಫಾಲ್ಮತ್ ಅಂತ ಒಂದು ಊರಿದೆ. ಪ್ರತಿ ಆಗಸ್ಟ್‌ನಲ್ಲಿ ಅಲ್ಲಿ ಸುಮಾರು 11 ಕಿ.ಮೀ. ಓಟದ ಸ್ಪರ್ಧೆ. ಗುರಿ ಮುಟ್ಟುವ ಜಾಗದಲ್ಲಿ ಡೇರೆ ಹಾಕಿ, ದೊಡ್ಡ ಟಬ್‌ಗಳಲ್ಲಿ ಐಸ್ ನೀರು ತುಂಬಿಟ್ಟಿರುತ್ತಾರೆ. 18 ವರ್ಷಗಳ ಓಟದಲ್ಲಿ 274 ಜನರಿಗೆ ಸನ್‌ಸ್ಟ್ರೋಕ್ ಆಗಿತ್ತು. ಸರಾಸರಿ ಮೈಬಿಸಿ 41 ಡಿಗ್ರಿ ದಾಟಿತ್ತು. ಆಸ್ಪತ್ರೆಗೆ ಓಡಿಸದೆ ಅಲ್ಲೇ ಟಬ್‌ಗೆ ಇಳಿಸಿದರು. ನಿಮಿಷಕ್ಕೆ ಸುಮಾರು 0.2 ಡಿಗ್ರಿಯಂತೆ ಬಿಸಿ ಇಳಿಯಿತು. 274 ಜನರೂ ಬದುಕಿದರು. ಒಬ್ಬರೂ ಸಾಯಲಿಲ್ಲ. ತುರ್ತು ಚಿಕಿತ್ಸೆಯಲ್ಲಿ ಇಂಥ ಫಲಿತಾಂಶ ಅಪರೂಪ. ಮೊದಲು ತಂಪು ಮಾಡು, ಆಮೇಲೆ ಸಾಗಿಸು ಅನ್ನುವ ನಿಯಮ ಈಗ ಬಹಳ ಕಡೆ ಒಪ್ಪಿತವಾಗಿದೆ. ಅಮೆರಿಕದ ಫೀನಿಕ್ಸ್ ನಗರದಲ್ಲಿ 2024ರಿಂದ ಸಿಬ್ಬಂದಿ ರೋಗಿಯನ್ನು ಐಸ್ ತುಂಬಿದ ದೊಡ್ಡ ಚೀಲದೊಳಗೆ ಮಲಗಿಸಿ ಆಸ್ಪತ್ರೆಗೆ ಒಯ್ಯುತ್ತಾರೆ. ದೆಹಲಿಯ ರಾಮ ಮನೋಹರ ಲೋಹಿಯಾ ಆಸ್ಪತ್ರೆಯಲ್ಲೂ ಅದೇ ವರ್ಷ ಟಬ್, ಐಸ್ ಮಾಡುವ ಯಂತ್ರ ಇಟ್ಟು ಪ್ರತ್ಯೇಕ ಘಟಕ ಶುರು ಮಾಡಿದರು.

ಎಪಿಎಂಸಿಯಲ್ಲಿ ಟಬ್ ಎಲ್ಲಿದೆ ಅಂತ ಕೇಳುತ್ತೀರಿ. ಟಬ್ ಬೇಡ. ನಿಮ್ಮ ಮನೆಯಲ್ಲಿ ತಾಡಪತ್ರಿ ಇದೆಯಲ್ಲ, ರೈತ ಸಂಪರ್ಕ ಕೇಂದ್ರದಿಂದ ತಂದದ್ದು, ತೊಗರಿ ರಾಶಿಗೆ ಮುಚ್ಚುವುದು. ಅದೇ ಸಾಕು.

(ಇಲ್ಲಿ ಐದಾರು ಹಮಾಲರನ್ನು ವೇದಿಕೆ ಮುಂದೆ ಕರೆದು ಮಾಡಿ ತೋರಿಸಿದೆವು. ಒಬ್ಬ ಹುಡುಗ ನಗುನಗುತ್ತಾ ರೋಗಿಯಾದ.)

ನೋಡಿ, ನೆರಳಲ್ಲಿ ತಾಡಪತ್ರಿ ಹಾಸಿ. ಅಂಗಿ, ಚಪ್ಪಲಿ ತೆಗೆದು ಮನುಷ್ಯನನ್ನು ನಡುವೆ ಮಲಗಿಸಿ. ಸುತ್ತ ನಾಲ್ಕೈದು ಜನ ಅಂಚು ಎತ್ತಿ ಹಿಡಿಯಿರಿ, ದೋಣಿ ಆಕಾರ ಬರಬೇಕು. ತಲೆಯ ಕಡೆ ಇನ್ನೂ ಎತ್ತರ. ಒಬ್ಬರ ಕೆಲಸ ತಲೆ ಹಿಡಿಯುವುದು ಮಾತ್ರ. ಮೂಗು, ಬಾಯಿ ನೀರಿಗೆ ಹೋಗಕೂಡದು. ಈಗ ಹತ್ತು ಹನ್ನೆರಡು ಕೊಡ ನೀರು ಸುರಿಯಿರಿ. ಎಲ್ಲಿಂದ ತರುತ್ತೀರಿ ಅನ್ನುವುದು ಮುಖ್ಯ. ಮಾಳಿಗೆ ಮೇಲಿನ ಸಿಂಟೆಕ್ಸ್ ನೀರು ಏಪ್ರಿಲ್ ಮಧ್ಯಾಹ್ನ ಸ್ನಾನಕ್ಕೆ ಆಗುವಷ್ಟು ಬಿಸಿ ಇರುತ್ತದೆ. ಅದು ಬೇಡ. ನೆಲದೊಳಗಿನ ಸಂಪಿನದ್ದು, ಬೋರ್‌ನಿಂದ ನೇರ ಬಂದದ್ದು, ಗಡಿಗೆಯದ್ದು ಆಗಬಹುದು. ಐಸ್ ಸಿಕ್ಕರೆ ಅದಕ್ಕೇ ಹಾಕಿ. ಹಿಡಿದವರು ತಾಡಪತ್ರಿಯನ್ನು ಆ ಕಡೆ ಈ ಕಡೆ ಅಲ್ಲಾಡಿಸುತ್ತಿರಬೇಕು, ನೀರು ಮೈಮೇಲೆ ಓಡಾಡುತ್ತಿರಬೇಕು. ನಿಂತ ನೀರು ಮೈಯ ಬಿಸಿಗೆ ತಾನೂ ಬೆಚ್ಚಗಾಗುತ್ತದೆ. ಹತ್ತು ಹದಿನೈದು ನಿಮಿಷ ಹೀಗೆ ಮಾಡಿ. ಮಾತು ಸರಿಯಾಯಿತು, ಚೆನ್ನಾಗಿ ನಡುಕ ಬಂತು ಅಂದರೆ ನಿಲ್ಲಿಸಿ. ಎಚ್ಚರ ಇಲ್ಲದವರ ಬಾಯಿಗೆ ನೀರು, ಲಿಂಬು ಶರಬತ್ತು ಏನೂ ಹಾಕಬೇಡಿ. ಶ್ವಾಸಕೋಶಕ್ಕೆ ಹೋಗುತ್ತದೆ.

ಆಗ ಹಿಂದಿನ ಸಾಲಿನಿಂದ ಒಬ್ಬ ಅವ್ವ ಕೇಳಿದರು. "ಯಪ್ಪಾ, ನಮ್ಮಂಥ ಮುದುಕರಿಗೂ ಹಿಂಗ ನೀರಾಗ ಮುಳುಗಿಸಿದ್ರ ಹ್ಯಾಂಗ?" ಸರಿಯಾದ ಪ್ರಶ್ನೆ. ಇಲ್ಲ ಅವ್ವ, ನಿಮಗೆ ಬೇರೆ ದಾರಿ ಇದೆ. ತೆಳು ಧೋತರ ಅಥವಾ ಸೀರೆ ತೋಯಿಸಿ ಮೈಗೆ ಹೊದಿಸಿ, ಜೋರಾಗಿ ಫ್ಯಾನ್ ಹಾಕಿ, ಬಟ್ಟೆ ಆರಿದ ಹಾಗೆ ಮತ್ತೆ ನೀರು ಚಿಮುಕಿಸುವುದು. ಕಂಕುಳು, ಕುತ್ತಿಗೆ, ತೊಡೆಸಂದಿಗೆ ಬಟ್ಟೆಯಲ್ಲಿ ಸುತ್ತಿದ ಐಸ್. ಮೆಕ್ಕಾದಲ್ಲಿ ಹಜ್ ಯಾತ್ರಿಕರಿಗೆ ದಶಕಗಳಿಂದ ಮಾಡುವುದು ಇದನ್ನೇ, ನೀರಿನ ತುಂತುರು ಮತ್ತು ಗಾಳಿ. ನಮ್ಮ ಜಿಲ್ಲೆಯಿಂದಲೂ ಹಜ್‌ಗೆ ಹೋಗುವವರಿದ್ದಾರೆ. 2024ರಲ್ಲಿ ಅಲ್ಲಿ ಉಷ್ಣಾಂಶ 51 ಡಿಗ್ರಿ ದಾಟಿ 1,301 ಜನ ತೀರಿಕೊಂಡರು. ಅವರಲ್ಲಿ ಹೆಚ್ಚಿನವರು ಅನುಮತಿ ಇಲ್ಲದೆ ಹೋದವರು, ನೆರಳಿನ ವ್ಯವಸ್ಥೆ ಸಿಗದವರು. ಬರೀ ಒಣ ಫ್ಯಾನ್ ಮಾತ್ರ ನಂಬಬೇಡಿ. ಕೋಣೆಯ ಗಾಳಿಯೇ 40 ಇದ್ದಾಗ ಫ್ಯಾನ್ ಬಿಸಿಗಾಳಿಯನ್ನು ಮೈಗೆ ತುಂಬುತ್ತದೆ. ಒದ್ದೆ ಬಟ್ಟೆ ಜೊತೆ ಇರಬೇಕು.

ಇನ್ನು ಆಂಬುಲೆನ್ಸ್. ನಮ್ಮ ರಾಜ್ಯದಲ್ಲಿ 108 ಶುರುವಾದದ್ದು 2008ರ ರಾಜ್ಯೋತ್ಸವದ ದಿನ. ಅದರಿಂದ ಎಷ್ಟು ಜೀವ ಉಳಿದಿದೆ ಅನ್ನುವುದು ನಿಮಗೇ ಗೊತ್ತು. ಆದರೆ ಯಾವ ಆಂಬುಲೆನ್ಸ್ ವ್ಯವಸ್ಥೆಯೂ ಮಾಮೂಲಿ ದಿನದ ಲೆಕ್ಕಕ್ಕೆ ಕಟ್ಟಿದ್ದು. ಬಿಸಿಲಿನ ದಿನ ಕರೆಗಳು ಒಟ್ಟಿಗೆ ಬರುತ್ತವೆ, ಅದೂ ಬಿಸಿಲು ಅನ್ನುವ ಹೆಸರಲ್ಲಿ ಬರುವುದಿಲ್ಲ. ಪ್ರಜ್ಞೆ ತಪ್ಪಿದೆ, ಎದೆ ನೋವು, ಫಿಟ್ಸ್, ಉಸಿರಾಟಕ್ಕೆ ತೊಂದರೆ, ಹೀಗೆ ಬರುತ್ತವೆ. ಆಸ್ಪತ್ರೆ ತುಂಬಿದರೆ ಆಂಬುಲೆನ್ಸ್ ರೋಗಿಯನ್ನು ಇಳಿಸಲಾಗದೆ ಗೇಟಲ್ಲೇ ನಿಲ್ಲುತ್ತದೆ. ಆ ಹೊತ್ತಿಗೆ ಮುಂದಿನ ಕರೆಗೆ ಗಾಡಿ ಇಲ್ಲ.

ಇದು ನಮ್ಮಂಥ ಕಡೆ ಮಾತ್ರ ಅಂದುಕೊಳ್ಳಬೇಡಿ. 1995ರ ಜುಲೈನಲ್ಲಿ ಶಿಕಾಗೋದಲ್ಲಿ ಇಪ್ಪತ್ತಕ್ಕೂ ಜಾಸ್ತಿ ಆಸ್ಪತ್ರೆಗಳು ಹೊಸ ತುರ್ತು ರೋಗಿಗಳು ಬೇಡ ಅಂದುಬಿಟ್ಟವು. ಹೆಣ ಇಡೋಕೆ ಜಾಗ ಸಾಲದೆ ಶೀತಲ ಲಾರಿ ತರಿಸಿದರು. ಕೆನಡಾದ ಬ್ರಿಟಿಷ್ ಕೊಲಂಬಿಯಾ ಪ್ರಾಂತ್ಯ ಇನ್ನೂ ಇತ್ತೀಚಿನ ಉದಾಹರಣೆ. ಅಲ್ಲಿ ಜನ ಚಳಿಗೆ ಹೆದರುತ್ತಾರೆಯೇ ಹೊರತು ಬಿಸಿಲಿಗಲ್ಲ. 2021ರ ಜೂನ್ 29ರಂದು ಲಿಟ್ಟನ್ ಅನ್ನುವ ಊರಲ್ಲಿ 49.6 ಡಿಗ್ರಿ ಆಯಿತು. ಕಲಬುರಗಿಯಲ್ಲೂ ನಾವು ಕಾಣದ ಬಿಸಿಲು. ಆ ಒಂದು ವಾರದಲ್ಲಿ ಪ್ರಾಂತ್ಯದಲ್ಲಿ 619 ಜನ ಬಿಸಿಯಿಂದ ಸತ್ತರು. ಸಹಾಯವಾಣಿಗೆ ಫೋನ್ ಮಾಡಿದ ಕೆಲವರು ಬಹಳ ಹೊತ್ತು ಲೈನಿನಲ್ಲೇ ಕಾಯಬೇಕಾಯಿತು. ಸದ್ಯಕ್ಕೆ ಗಾಡಿ ಇಲ್ಲ ಅನ್ನುವ ಉತ್ತರವೂ ಕೆಲವರಿಗೆ ಸಿಕ್ಕಿತು. ಆಮೇಲೆ ಸರ್ಕಾರದ ತನಿಖೆಯಲ್ಲಿ ಗೊತ್ತಾದದ್ದು ಏನೆಂದರೆ, ನೂರಕ್ಕೆ 98 ಜನ ಸತ್ತದ್ದು ಮನೆಯಂಥ ಕಟ್ಟಡಗಳ ಒಳಗೆ. ಹೊಲದಲ್ಲಲ್ಲ, ರಸ್ತೆಯಲ್ಲಲ್ಲ. ಅರ್ಧಕ್ಕಿಂತ ಜಾಸ್ತಿ ಜನ ಒಂಟಿಯಾಗಿದ್ದವರು. ಮೂರರಲ್ಲಿ ಎರಡು ಪಾಲು ಎಪ್ಪತ್ತು ದಾಟಿದವರು.

ಇದನ್ನು ನಮ್ಮ ಊರಿಗೆ ಹಾಕಿ ನೋಡಿ. ಪತ್ರಾಸ್ ಮನೆ. ಮಗ ಸೊಸೆ ಬೆಂಗಳೂರಿಗೋ ಪುಣೆಗೋ ದುಡಿಯೋಕೆ ಹೋಗಿದ್ದಾರೆ. ಅಜ್ಜಿ ಒಬ್ಬರೇ. ಮಧ್ಯಾಹ್ನ ಕರೆಂಟ್ ಹೋಗುತ್ತದೆ. ರಾತ್ರಿ ಆದರೂ ಆ ತಗಡು, ಆ ಕಲ್ಲಿನ ಗೋಡೆ ಬಿಸಿ ಬಿಡುತ್ತಲೇ ಇರುತ್ತವೆ, ಮೈಗೆ ಬಿಡುವೇ ಇಲ್ಲ. ಇಂಥವರಿಗೆ 108 ಕರೆ ಮಾಡುವವರೇ ಇರುವುದಿಲ್ಲ. ಆಶಾ ಅಕ್ಕಂದಿರೇ, ನಿಮ್ಮ ಮೇಲೆ ಕೆಲಸ ಆಗಲೇ ಜಾಸ್ತಿ ಇದೆ, ಅದು ನನಗೆ ಗೊತ್ತು. ಆದರೂ ನಿಮ್ಮ ಓಣಿಯಲ್ಲಿ ಒಬ್ಬರೇ ಇರುವ ಹಿರಿಯರ ಪಟ್ಟಿ ಮಾರ್ಚ್‌ನಲ್ಲೇ ಬರೆದಿಡಿ. ಹವಾಮಾನ ಇಲಾಖೆಯ ಕೆಂಪು ಮುನ್ಸೂಚನೆ (ರೆಡ್ ಅಲರ್ಟ್) ಬಂದ ದಿನ ನೀವೇ ಹೋಗಬೇಕಾಗಿಲ್ಲ. ಪಕ್ಕದ ಮನೆಯ ಶಾಲೆ ಹುಡುಗ ಸಂಜೆ ಒಮ್ಮೆ ಹೋಗಿ, "ಆಯಿ, ಊಟ ಆತೇನು?" ಅಂತ ಕೇಳಿ ಬಂದರೆ ಸಾಕು. ಉತ್ತರ ಹೇಗೆ ಬಂತು ಅನ್ನುವುದರಲ್ಲೇ ಗೊತ್ತಾಗುತ್ತದೆ.

ಒಂದು ಮಾತು ಹೇಳದೆ ಇರಲಾರೆ. ಏಪ್ರಿಲ್, ಮೇ ಬಂತು ಅಂದರೆ ಕಲಬುರಗಿ ವಿಭಾಗದ ಸರ್ಕಾರಿ ಕಚೇರಿಗಳು ಬೆಳಿಗ್ಗೆ 8ರಿಂದ ಮಧ್ಯಾಹ್ನ 1.30ರವರೆಗೆ ನಡೆಯುತ್ತವೆ. ಒಳ್ಳೆಯ ನಿಯಮ. ಆದರೆ ಫ್ಯಾನ್ ಕೆಳಗೆ ಕೂರುವ ಗುಮಾಸ್ತರಿಗೆ ಇರುವ ರಕ್ಷಣೆ ಇಟ್ಟಂಗಿ ಭಟ್ಟಿಯಲ್ಲಿ ದುಡಿಯುವವರಿಗೆ ಇಲ್ಲ. ಲಾರಿ ಮಧ್ಯಾಹ್ನ ಒಂದಕ್ಕೆ ಬಂದರೆ ಹಮಾಲ ಒಂದಕ್ಕೇ ಚೀಲ ಇಳಿಸಬೇಕು. ನನಗೆ ಇದು ಸರಿ ಅನ್ನಿಸುವುದಿಲ್ಲ. ಹೆಣ್ಣುಮಕ್ಕಳ ಕಷ್ಟ ಇನ್ನೊಂದು ಥರ. ಕೆಲಸದ ಜಾಗದಲ್ಲಿ ಶೌಚಾಲಯ ಇಲ್ಲ ಅಂತ ಬೇಕಂತಲೇ ನೀರು ಕಮ್ಮಿ ಕುಡಿಯುತ್ತಾರೆ. ಅವರಿಗೆ ನೀರು ಕುಡಿಯಿರಿ ಅಂತ ಪೋಸ್ಟರ್ ಅಂಟಿಸಿ ಏನು ಪ್ರಯೋಜನ? ಮೊದಲು ಶೌಚಾಲಯ ಕಟ್ಟಿಸಿ. ಅರವಟ್ಟಿಗೆ ಇಡುವವರೂ ದೇವಸ್ಥಾನದ ಮುಂದೆ ಮಾತ್ರ ಇಡದೆ ಮಾರುಕಟ್ಟೆಯ ಲೋಡಿಂಗ್ ಜಾಗದಲ್ಲಿ ಇಟ್ಟರೆ ಒಳ್ಳೆಯದು.

ಕೊನೆಗೆ ಕೆಲವು ಪ್ರಶ್ನೆ ಬಂದವು. ಕಿಸೆಯಲ್ಲಿ ಉಳ್ಳಾಗಡ್ಡಿ ಇಟ್ಟುಕೊಂಡರೆ ಬಿಸಿಲು ಬಡಿಯುವುದಿಲ್ಲವಂತೆ, ನಿಜವಾ ಅಂತ ಒಬ್ಬರು ಕೇಳಿದರು. ಇಟ್ಟುಕೊಳ್ಳಿ, ಊಟದ ಹೊತ್ತಿಗೆ ರೊಟ್ಟಿ ಜೊತೆ ತಿನ್ನಬಹುದು. ಬಿಸಿಲಿಗೆ ಅದರಿಂದ ಏನೂ ಆಗುವುದಿಲ್ಲ. 108ಕ್ಕೆ ಫೋನ್ ಮಾಡಿದಾಗ ಏನು ಹೇಳಬೇಕು ಅಂತ ಒಬ್ಬ ಶಿಕ್ಷಕಿ ಕೇಳಿದರು. ಬಿದ್ದಿದ್ದಾರೆ ಅಂತ ಮಾತ್ರ ಹೇಳಬೇಡಿ. ಬಿಸಿಲಲ್ಲಿ ಕೆಲಸ ಮಾಡುತ್ತಿದ್ದರು, ಮೈ ಸುಡುತ್ತಿದೆ, ಮಾತು ತಪ್ಪುತ್ತಿದೆ, ನೀರು ಹಾಕುತ್ತಿದ್ದೇವೆ ಅಂತ ಹೇಳಿ. ಗುರುತಿನ ಜಾಗ ಹೇಳಿ. ಒಬ್ಬರನ್ನು ರಸ್ತೆಗೆ ಕಳಿಸಿ ನಿಲ್ಲಿಸಿ.

ಆಂಬುಲೆನ್ಸ್ ಚಾಲಕರೊಬ್ಬರು ಕೇಳಿದ್ದು ಇದು. "ಸರ್, ನಾವು ಹೋಗೋ ಹೊತ್ತಿಗೆ ಅವರು ನೀರು ಹಾಕುತ್ತಾ ಇದ್ದರೆ ನಿಲ್ಲಿಸಿ ಎತ್ತಿಕೊಂಡು ಬರಬೇಕಾ, ಇಲ್ಲಾ ಕಾಯಬೇಕಾ?" ಉಸಿರಾಟ ಸರಿ ಇದ್ದರೆ ಕಾಯಿರಿ. ನಿಮ್ಮ ಟೆಕ್ನಿಷಿಯನ್ ಅಷ್ಟರಲ್ಲಿ ಸಲೈನ್ ಹಾಕಲಿ, ಸಕ್ಕರೆ ಪ್ರಮಾಣ ನೋಡಲಿ. ಬಿಸಿ ಇಳಿದ ಮೇಲೆ ಹೊರಡಿ. ಉಸಿರಾಟವೇ ಹದಗೆಟ್ಟಿದ್ದರೆ ಒದ್ದೆ ಚಾದರ ಹೊದಿಸಿ, ಎಸಿ ಹಾಕಿಕೊಂಡು ತಕ್ಷಣ ಹೊರಡಿ. ಕರೆ ಇಲ್ಲದ ಹೊತ್ತಲ್ಲಿ ಗಾಡಿಯನ್ನು ಮರದ ಕೆಳಗೆ ನಿಲ್ಲಿಸಿ. ಒಳಗಿರುವ ಔಷಧಿಗಳೂ ಬಿಸಿಗೆ ಕೆಡುತ್ತವೆ, ಹೆರಿಗೆಗೆ ಕೊಡುವ ಆಕ್ಸಿಟೋಸಿನ್ ಅಂತೂ ತಣ್ಣಗೇ ಇರಬೇಕು. ಸ್ಟ್ರೆಚರ್ ಕೆಳಗೆ ಒಂದು ತಾಡಪತ್ರಿ ಮಡಚಿ ಇಟ್ಟುಕೊಳ್ಳಿ. ನಿಮ್ಮ ಹೋಬಳಿಯಲ್ಲಿ ಐಸ್ ಇಡುವ ಅಂಗಡಿಗಳವರ ಫೋನ್ ನಂಬರ್ ಇವತ್ತೇ ಬರೆದುಕೊಳ್ಳಿ. ಮಧ್ಯಾಹ್ನ ಯಾವ ಅಂಗಡಿ ತೆರೆದಿರುತ್ತದೆ ಅಂತಲೂ ಕೇಳಿಟ್ಟುಕೊಳ್ಳಿ, ಬಿಸಿಲಿನ ಹೊತ್ತಲ್ಲಿ ಕೆಲವರು ಬಾಗಿಲು ಹಾಕಿ ಮಲಗಿರುತ್ತಾರೆ.